ಚುಕ್ಕಿ ಮೇಷ್ಟ್ರು

ಚುಕ್ಕಿ ಮೇಷ್ಟ್ರು ನಿವೃತ್ತರಾಗುವ ತಿಂಗಳು ದೊಡ್ಡ ಮೇಡಂ ನನ್ನನ್ನು ಕರೆದು, ಅವರ ಬಗ್ಗೆ ಒಂದು ಪುಟ ಬರೆದುಕೊಡಿ, ಬೀಳ್ಕೊಡುಗೆ ಪುಸ್ತಿಕೆಗೆ ಬೇಕು ಎಂದರು. ನಾನು ಈ ಶಾಲೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಹೊಲಿಗೆ ಕಲಿಸುವವಳು. ಹೊಲಿಗೆಯವಳ ಕೊರಳಿಗೆ ಬರವಣಿಗೆ ಯಾಕೆ ಬಿತ್ತೆಂದರೆ, ಉಳಿದವರೆಲ್ಲ ಆಗಲೇ ಜಾರಿಕೊಂಡಿದ್ದರು. ಎಂಟು ಸಾಲು ಬರೆದೆ. ಎಂಟೂ ಸುಳ್ಳು. ಸಾವಿರಾರು ಮಕ್ಕಳಿಗೆ ದಾರಿ ತೋರಿದ ಮಹನೀಯರು ಎಂದು ಅದರಲ್ಲಿದೆ. ಅವರ ಹೆಂಡತಿ ಆ ಪುಟಕ್ಕೆ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದ್ದಾರಂತೆ. ಈಗ ನಿಜ ಬರೆಯುತ್ತಿದ್ದೇನೆ. ಇದಕ್ಕೆ ಕಟ್ಟು ಹಾಕಿಸುವ ಖರ್ಚು ಯಾರಿಗೂ ಬರುವುದಿಲ್ಲ.

ನಮ್ಮಲ್ಲಿ ಆರನೇ ತರಗತಿ ಮುಗಿಯುವ ಹೊತ್ತಿಗೆ ಪ್ರತಿ ಮಗುವೂ ಒಂದು ಆಯ್ಕೆ ವಿಷಯ ಆರಿಸಿಕೊಳ್ಳಬೇಕು. ಕಂಪ್ಯೂಟರ್, ಸಂಗೀತ, ಚಿತ್ರಕಲೆ, ಮರಗೆಲಸ, ಹೊಲಿಗೆ. ಏಳನೆಯದರಲ್ಲೂ ಎಂಟನೆಯದರಲ್ಲೂ ಅದೇ, ನಡುವೆ ಬದಲಾಯಿಸುವ ಹಾಗಿಲ್ಲ. ಅದಕ್ಕೆ ಮುಂಚೆ ರುಚಿ ನೋಡುವ ವಾರ ಅಂತ ಒಂದಿದೆ. ದಿನಕ್ಕೊಂದು ಕೋಣೆಯಲ್ಲಿ ಕೂತು, ಮುಟ್ಟಿ, ಹಾಳುಮಾಡಿ ನೋಡಬಹುದು. ಆಮೇಲೆ ಒಂದು ಹಾಳೆ ಕೊಡುತ್ತಾರೆ. ಅದರಲ್ಲಿ ಮೂರು ಗೆರೆ: ಮೊದಲ ಆಸೆ, ಎರಡನೇ ಆಸೆ, ಮೂರನೇ ಆಸೆ. ಹಾಳೆ ತುಂಬಿಸಿ, ಅಪ್ಪನನ್ನೋ ಅಮ್ಮನನ್ನೋ ಕರೆದುಕೊಂಡು ಮೆಟ್ಟಿಲ ಕೆಳಗಿನ ಸಣ್ಣ ಕೋಣೆಗೆ ಹೋಗಬೇಕು. ಅಲ್ಲಿ ಒಂದು ಮೇಜು, ಎರಡು ಕುರ್ಚಿ, ಗೋಡೆಯ ಮೇಲೆ ಕೆಂಪು ಶಾಯಿಯಲ್ಲಿ ‘ಆಯ್ಕೆ ನಿನ್ನದು’ ಎಂಬ ಬರಹ, ಅದರ ಕೆಳಗೆ ಚುಕ್ಕಿ ಮೇಷ್ಟ್ರು.

ಅವರು ಮೊದಲು ಭೂಗೋಳ ಕಲಿಸುತ್ತಿದ್ದರು. ಕಲಿಸುತ್ತಿದ್ದರು ಅನ್ನುವುದು ದೊಡ್ಡ ಮಾತು. ಬೋರ್ಡಿನ ಕಡೆ ತಿರುಗಿಕೊಂಡು ನದಿಗಳ ಹೆಸರು ಬರೆಯುತ್ತಿದ್ದರು, ಬೆನ್ನ ಹಿಂದೆ ಮಕ್ಕಳು ಸಂತೆ ನಡೆಸುತ್ತಿದ್ದರು. ಒಂದು ಪರೀಕ್ಷೆಯಲ್ಲಿ ಒಬ್ಬನಿಗೆ ಕಡಿಮೆ ಅಂಕ ಕೊಟ್ಟರು. ಸರಿಯಾಗಿಯೇ ಕೊಟ್ಟಿದ್ದರು, ಆ ಪುಣ್ಯಾತ್ಮ ಸಮುದ್ರವನ್ನು ಬೆಟ್ಟದ ತುದಿಯಲ್ಲಿ ತೋರಿಸಿದ್ದ. ಅವನ ಅಪ್ಪ ಸ್ಟಾಫ್ ರೂಮಿಗೇ ಬಂದು ಮೇಜು ಗುದ್ದಿ ಕೂಗಾಡಿದ. ಮೇಷ್ಟ್ರ ಟೀ ಚೆಲ್ಲಿ ಪ್ಯಾಂಟಿಗೆ ಬಿತ್ತು. ಬಿಸಿ ಎಂದು ಹೇಳುವ ಧೈರ್ಯವೂ ಅವರಿಗೆ ಆಗಲಿಲ್ಲ. ನಿಂತಲ್ಲೇ ಐದು ಅಂಕ ಜಾಸ್ತಿ ಹಾಕಿಕೊಟ್ಟರು, ಅದೂ ಆ ಅಪ್ಪನ ಪೆನ್ನನ್ನೇ ಈಸಿಕೊಂಡು. ಮಾರನೆಯ ದಿನದಿಂದ ಅವರಿಗೆ ಮೂರು ದಿನ ಜ್ವರ.

ಪಾಪ, ಇವರ ಕೈಲಿ ತರಗತಿ ಆಗುವುದಿಲ್ಲ ಎಂದು ಆಗಿನ ಮೇಡಂ ಅವರಿಗೆ ಈ ಆಯ್ಕೆಯ ಕೆಲಸ ವಹಿಸಿದರು. ಹಾಗೆ, ಒಂದು ಮಗುವನ್ನೂ ಬೆಂಚಿನ ಮೇಲೆ ಕೂರಿಸಲಾಗದ ಮನುಷ್ಯ, ವರ್ಷಕ್ಕೆ ಎಂಬತ್ತು ಮಕ್ಕಳು ಎಲ್ಲಿ ಕೂರಬೇಕೆಂದು ಹೇಳುವವರಾದರು. ಹತ್ತೊಂಬತ್ತು ವರ್ಷ ಹೇಳಿದರು.

ಅವರಿಗೆ ಆರಿಸುವುದು ಎಷ್ಟು ಚೆನ್ನಾಗಿ ಬರುತ್ತಿತ್ತು ಎನ್ನುವುದನ್ನು ನಾನು ಬಟ್ಟೆ ಅಂಗಡಿಯಲ್ಲಿ ಕಂಡಿದ್ದೇನೆ. ನಾನು ದಾರದ ಉಂಡೆ ತರಲು ಹೋಗಿದ್ದೆ. ಅವರು ಕೈಯಲ್ಲೊಂದು ನೀಲಿ, ಕೈಯಲ್ಲೊಂದು ಬೂದು ಅಂಗಿ ಹಿಡಿದು ನಿಂತಿದ್ದರು. ನಾನು ದಾರ, ಸೂಜಿ, ಗುಂಡಿ ಎಲ್ಲ ತೆಗೆದುಕೊಂಡು ವಾಪಸು ಬರುವಾಗಲೂ ಹಾಗೇ ನಿಂತಿದ್ದರು. ಕೊನೆಗೆ ಅಂಗಡಿಯವನನ್ನೇ ಕೇಳಿದರು, “ಎಲ್ರೂ ಯಾವುದು ತಗೊಂಡು ಹೋಗ್ತಾರಪ್ಪ?” ಬೂದು ಎಂದ. ಬೂದು ತೆಗೆದುಕೊಂಡರು. ಮಾರನೆಯ ದಿನ ಅವರ ಹೆಂಡತಿ ಬಂದು ಅದನ್ನು ಕೊಟ್ಟು ನೀಲಿ ಒಯ್ದರೆಂದು ಅಂಗಡಿಯವನೇ ನನಗೆ ಹೇಳಿ ನಕ್ಕ.

ಆದರೆ ಮೆಟ್ಟಿಲ ಕೆಳಗೆ ಅವರು ಬೇರೆಯೇ ಮನುಷ್ಯ. ಮಗು ಒಳಗೆ ಬಂದರೆ ಕಣ್ಣು ಮುಚ್ಚಿ, “ನಿನ್ನ ಮನಸ್ಸು ಏನು ಹೇಳುತ್ತೆ ಪುಟ್ಟಾ?” ಎನ್ನುತ್ತಿದ್ದರು. ಮಗು ಚಿತ್ರ ಎಂದರೆ “ಆಹಾ”, ಮರಗೆಲಸ ಎಂದರೆ “ಆಹಾ”. ಆಮೇಲೆ ಕಣ್ಣು ಬಿಟ್ಟು ಅಪ್ಪನನ್ನು ನೋಡುತ್ತಿದ್ದರು. ಎಲ್ಲಿ ಕೆಲಸ, ಮನೆಯಲ್ಲಿ ಯಾರು ಯಾರು, ಹೀಗೆ ಕುಶಲ ಕೇಳಿ, ಏಳುವ ಹೊತ್ತಿಗೆ ಮೆಲ್ಲಗೆ, “ಬೇಕಾದ್ರೆ ಇನ್ನೊಂದ್ಸಲ ಬರೋಕೆ ತೊಂದರೆ ಆಗುತ್ತಾ ನಿಮಗೆ?” ಎನ್ನುತ್ತಿದ್ದರು. ಎಂಥ ವಿನಯ ಎಂದು ಜನ ಮೆಚ್ಚಿಕೊಂಡು ಹೋಗುತ್ತಿದ್ದರು. “ರಜಾ ಸಿಗಲ್ಲ ಸಾರ್, ಇವತ್ತೇ ಕಷ್ಟಪಟ್ಟು ಬಂದೆ” ಎಂದವರನ್ನು ಕಂಡರೆ ಮೇಷ್ಟ್ರ ಮುಖದಲ್ಲಿ ಬಹಳ ಪ್ರೀತಿಯ ನಗು ಬರುತ್ತಿತ್ತು. ಬಾಗಿಲವರೆಗೆ ಬಂದು ಬೀಳ್ಕೊಡುತ್ತಿದ್ದರು.

ಬಂದವರು ಹೋದ ಮೇಲೆ ಮಗುವಿನ ಹೆಸರಿನ ಮುಂದೆ ಪೆನ್ಸಿಲಿನಲ್ಲಿ ಚುಕ್ಕಿ. ಒಂದು, ಎರಡು, ಇಲ್ಲವೇ ಮೂರು. ಹೆಸರು ಬಂದದ್ದು ಇದರಿಂದಲೇ.

ಈ ಚುಕ್ಕಿ ಅವರ ಪುಸ್ತಕದಲ್ಲೇ ಉಳಿದಿದ್ದರೆ ಕೇಡಿರಲಿಲ್ಲ. ಆಫೀಸಿನ ಗುಮಾಸ್ತರು ಮಕ್ಕಿಕಾಮಕ್ಕಿ ಮನುಷ್ಯ. ಪಟ್ಟಿಯನ್ನು ತರಗತಿಗಳಿಗೆ ಟೈಪ್ ಮಾಡಿ ಕಳಿಸುವಾಗ ಚುಕ್ಕಿಗಳನ್ನೂ ಬಿಡದೆ ಟೈಪ್ ಮಾಡಿದರು. ಮೂರು ಚುಕ್ಕಿಯವರೆಲ್ಲ ಕಂಪ್ಯೂಟರ್, ಸಂಗೀತ. ಒಂದು ಚುಕ್ಕಿಯವರೆಲ್ಲ ಹೊಲಿಗೆ, ಮರಗೆಲಸ. ಇದನ್ನು ನೋಡಿದ ಟೀಚರುಗಳಿಗೆ ಅರ್ಥ ಬಿಡಿಸುವುದು ಎಷ್ಟು ಹೊತ್ತು? ಬುದ್ಧಿಯ ಅಳತೆ ಎಂದುಕೊಂಡರು. ಏನು ಸಾರ್ ಇದು ಎಂದು ಒಬ್ಬರು ಕೇಳಿದ್ದಕ್ಕೆ, “ಅದೊಂದು ಒಳಗಿನ ಲೆಕ್ಕ” ಎಂದು ತಲೆ ತಗ್ಗಿಸಿದರಂತೆ. ಸಾಕಾಯಿತು. ಮುಂದಿನ ಸಭೆಯಲ್ಲಿ ದೊಡ್ಡ ಮೇಡಂ ಅದಕ್ಕೆ ‘ಪ್ರತಿಭಾ ಸೂಚಿ’ ಎಂದು ಹೆಸರಿಟ್ಟು ಚಪ್ಪಾಳೆ ತಟ್ಟಿಸಿದರು. ಅಲ್ಲಿಂದ ಮುಂದೆ ವೇದಿಕೆ ಹತ್ತುವವರು ಮೂರು ಚುಕ್ಕಿಯವರು, ಕುರ್ಚಿ ಹೊರುವವರು ಒಂದು ಚುಕ್ಕಿಯವರು. ಗಣಿತದ ಮೇಷ್ಟ್ರು ಒಂದು ಚುಕ್ಕಿಯವರಿಗೆ ಕೊನೆಯ ಲೆಕ್ಕ ಬಿಟ್ಟುಬಿಡಿ ಎನ್ನುತ್ತಿದ್ದರು, ದಯೆ ತೋರಿಸುವವರ ಹಾಗೆ. ಓದು ಬರಹ ಬಲ್ಲ ಮೂವತ್ತು ಜನ, ಪೆನ್ಸಿಲಿನ ಮೂರು ಚುಕ್ಕಿಗೆ ಮರುಳಾದ ಶಾಲೆ ನಮ್ಮದು.

ಮಕ್ಕಳಿಗೂ ಗೊತ್ತಾಗಿಬಿಟ್ಟಿತ್ತು. ನನ್ನ ತರಗತಿಯಲ್ಲಿ ಸೂಜಿಗೆ ದಾರ ಪೋಣಿಸಲು ಒದ್ದಾಡುತ್ತಿದ್ದ ಒಂದು ಮಗು, “ನಾನು ಒಂದು ಚುಕ್ಕಿ ಅಲ್ವಾ ಟೀಚರ್, ನನಗೆ ಬರಲ್ಲ” ಎಂದು ಸೂಜಿಯನ್ನು ವಾಪಸು ಕೊಟ್ಟಿತು.

ಆ ಚುಕ್ಕಿಯ ಗುಟ್ಟು ನನಗೆ ತಿಳಿದದ್ದು ಒಂಬತ್ತು ವರ್ಷದ ಹಿಂದೆ, ಒಂದು ಗುಂಡಿಯ ದೆಸೆಯಿಂದ. ಯಾವುದೋ ಸಭೆಗೆ ಹೊರಟವರ ಕೋಟಿನ ಗುಂಡಿ ಕಿತ್ತುಬಂದಿತ್ತು. ನನ್ನ ಕೋಣೆಗೆ ಬಂದು ಕೋಟು ಕೊಟ್ಟು ಸ್ಟೂಲಿನ ಮೇಲೆ ಕೂತರು. ಅವತ್ತು ಯಾರೋ ಹೊಗಳಿದ್ದರೆಂದು ಕಾಣುತ್ತದೆ, ಉಬ್ಬಿಹೋಗಿದ್ದರು.

“ಟೀಚರ್, ನೀವೂ ಆ ಚುಕ್ಕೀನ ಬುದ್ಧಿ ಅಂತಾನೇ ತಿಳ್ಕೊಂಡಿದ್ದೀರಾ?”

“ಮತ್ತಿನ್ನೇನು ಸಾರ್?”

“ಮೂರು ಅಂದ್ರೆ ಬಂದು ಕೂಗಾಡೋರು. ಎರಡು ಅಂದ್ರೆ ಬಂದು ಗೊಣಗೋರು. ಒಂದು ಅಂದ್ರೆ ಬರೋದೇ ಇಲ್ಲ.”

“ಯಾರು?”

“ಅಪ್ಪ ಅಮ್ಮ ಟೀಚರ್! ಮಕ್ಕಳದ್ದೇನಿದೆ? ಎಲ್ಲಿ ಕೂರ್ಸಿದ್ರೂ ಕೂರ್ತಾವೆ. ಕೂಗೋರ ಮಕ್ಕಳಿಗೆ ಅವರು ಕೇಳಿದ್ದು ಕೊಟ್ಟುಬಿಡಬೇಕು. ಬರದೇ ಇರೋರ ಮಕ್ಕಳಿಗೆ ಉಳಿದಿದ್ದು. ಹತ್ತು ವರ್ಷದಿಂದ ನನ್ನ ಮೇಜು ಯಾರೂ ಗುದ್ದಿಲ್ಲ, ನೋಡಿ.”

“ಹಾಗಾದ್ರೆ ಮೂರು ಗೆರೆ ಬರೆಸೋದು ಯಾಕೆ?”

“ಬರೀಲಿ ಬಿಡಿ, ಅಕ್ಷರ ದುಂಡಗಾಗುತ್ತೆ.”

ಇನ್ನೂ ಒಂದು ಹೇಳಿದರು. ಸಂಗೀತದಲ್ಲಿ ಹದಿನೈದು ಜಾಗವಿದ್ದರೆ ಹದಿಮೂರಕ್ಕೇ ಪಟ್ಟಿ ತುಂಬಿತು ಎನ್ನುತ್ತಿದ್ದರಂತೆ. ಎರಡು ಜಾಗ ಕೊನೆಯ ಗಳಿಗೆಯಲ್ಲಿ ಬಂದು ಕೂಗುವವರಿಗೆ. ಯಾರೂ ಬರದಿದ್ದರೆ ಎರಡು ವರ್ಷ ಎರಡು ಪಿಟೀಲು ಪೆಟ್ಟಿಗೆಯಲ್ಲೇ ಮಲಗಿರುತ್ತಿದ್ದವು. ಅತ್ತ ಮಗುವಿಗೆ ಹಾಲು ಎನ್ನುತ್ತಾರಲ್ಲ, ಈ ಮನುಷ್ಯ ಹಾಲಿಟ್ಟುಕೊಂಡು ಅಳುವವರಿಗಾಗಿ ಕಾಯುತ್ತಿದ್ದ. ಹೇಡಿಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ತನ್ನ ಹೆದರಿಕೆಗೆ ಪುಸ್ತಕ ಹಾಕಿ, ಪೆನ್ಸಿಲ್ ಚೂಪು ಮಾಡಿಟ್ಟುಕೊಂಡ ಹೇಡಿಯನ್ನು ನೋಡಿದ್ದು ಅದೇ ಮೊದಲು.

ಇಷ್ಟನ್ನೂ ನನಗೆ ಯಾಕೆ ಹೇಳಿದರು? ಹೊಲಿಗೆ ಟೀಚರ ಹತ್ತಿರ ಮುಚ್ಚುಮರೆ ಎಂಥದು ಎಂದು. ಗೋಡೆಗೆ ಹೇಳಿದ ಹಾಗೆ ಹೇಳಿದರು. ನಾನು ನಕ್ಕೆ. ನಕ್ಕು, ದಾರ ಕಚ್ಚಿ ಕತ್ತರಿಸಿ, ಕೋಟು ಕೊಟ್ಟೆ. ನನ್ನ ಕೋಣೆಯಲ್ಲಿ ಹನ್ನೆರಡು ಮಿಷಿನ್. ಹನ್ನೆರಡಕ್ಕೆ ಒಂದು ಮಗು ಕಡಿಮೆಯಾದರೂ ತರಗತಿ ಮುಚ್ಚಬೇಕು, ಟೀಚರು ಮನೆ ಸೇರಬೇಕು ಎನ್ನುವುದು ಶಾಲೆಯ ನಿಯಮ. ಮನೆಯಲ್ಲಿ ಮಂಡಿನೋವಿನ ಅತ್ತೆ, ಕೆಲಸವಿಲ್ಲದ ಗಂಡ. ಯಾರಿಗೂ ಏನೂ ಹೇಳಲಿಲ್ಲ. ಅದು ನನ್ನ ಕೆಲಸವೂ ಅಲ್ಲವಲ್ಲ. ಆದರೆ ಅಂದಿನಿಂದ ಅವರು ಎದುರಿಗೆ ಬಂದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಸ್ಟಾಫ್ ರೂಮಿನಲ್ಲಿ ಅವರ ಪಕ್ಕ ಕೂರುತ್ತಿರಲಿಲ್ಲ. ಅಷ್ಟರಮಟ್ಟಿಗೆ ನಾನು ನೇರ.

ಹೋದ ವರ್ಷ ಆಯಾಳ ಸರದಿ ಬಂತು.

ಆಯಾ ಎಂದರೆ ನಮ್ಮ ಶಾಲೆಯ ಹನ್ನೊಂದು ಕೋಣೆಗಳನ್ನೂ ಗುಡಿಸಿ ಒರೆಸುವವಳು. ಹದಿನೈದು ವರ್ಷದಲ್ಲಿ ಅವಳು ಗಟ್ಟಿಯಾಗಿ ಮಾತಾಡಿದ್ದನ್ನು ಯಾರೂ ಕೇಳಿಲ್ಲ. ಅವಳ ಕಿರಿಮಗಳು ಆರನೇ ತರಗತಿಯಲ್ಲಿದ್ದಳು. ಶಾಲೆ ಬಿಟ್ಟ ಮೇಲೆ ಅಮ್ಮನ ಕೆಲಸ ಮುಗಿಯುವವರೆಗೆ ಆ ಹುಡುಗಿ ಸಂಗೀತದ ಕೋಣೆಯ ಹೊರಗೆ, ಕಿಟಕಿಯ ಕೆಳಗೆ ಕೂತು ಓದಿಕೊಳ್ಳುತ್ತಿದ್ದಳು. ಒಂದು ದಿನ ಒಳಗೆ ಮಕ್ಕಳು ನುಡಿಸುತ್ತಿರುವಾಗ ಎದ್ದು ನಿಂತು ಕಿಟಕಿಯಲ್ಲಿ ತಲೆ ಹಾಕಿ, “ಸಾರ್, ಕೊನೇಲಿ ಕೂತಿರೋ ಅಕ್ಕನ ಪಿಟೀಲಿನ ತಂತಿ ಸಡಿಲ ಆಗಿದೆ” ಎಂದಳಂತೆ. ಸಂಗೀತದ ಮೇಷ್ಟ್ರು ಬೈಯಲೆಂದೇ ಎದ್ದು ಹೋಗಿ ತಂತಿ ಮುಟ್ಟಿ ನೋಡಿದರು. ಸಡಿಲ ಆಗಿತ್ತು. ಅವರು ಯಾರನ್ನೂ ಹೊಗಳುವವರಲ್ಲ, ಆದರೆ ಅವತ್ತು ಟೀ ಕುಡಿಯುವಾಗ ಎರಡು ಸಲ ಆ ಮಾತು ತೆಗೆದರು.

ರುಚಿ ನೋಡುವ ವಾರ ಅವಳು ನನ್ನ ಕೋಣೆಗೂ ಬಂದಳು. ಒಂದು ಕರವಸ್ತ್ರದ ಅಂಚು ಹೊಲಿಯಲು ಕೊಟ್ಟೆ. ಮುಕ್ಕಾಲು ಗಂಟೆ ನಾಲಿಗೆ ಕಚ್ಚಿಕೊಂಡು ಹೊಲಿದಳು. ಏಳಲು ಹೋದರೆ ಕರವಸ್ತ್ರವೂ ಜೊತೆಗೇ ಎದ್ದಿತು. ತನ್ನ ಸ್ಕರ್ಟಿಗೇ ಸೇರಿಸಿ ಹೊಲಿದುಕೊಂಡಿದ್ದಳು. ನಾನೇ ಕತ್ತರಿ ಹಿಡಿದು ಬಿಡಿಸಬೇಕಾಯಿತು. ಇಂಥ ಕೈ ನನ್ನ ಇಡೀ ಜನ್ಮದಲ್ಲಿ ಕಂಡಿಲ್ಲ.

ಅವಳ ಹಾಳೆಯ ಮೂರು ಗೆರೆಯಲ್ಲೂ ಸಂಗೀತ ಎಂದೇ ಇತ್ತು. ಆಯಾ ಮಗಳನ್ನು ಕರೆದುಕೊಂಡು ಮೆಟ್ಟಿಲ ಕೆಳಗೆ ಹೋದಾಗ ಮೇಷ್ಟ್ರು ಕುಶಲವನ್ನೂ ಕೇಳಲಿಲ್ಲ, ಕಣ್ಣನ್ನೂ ಮುಚ್ಚಲಿಲ್ಲ. “ಆಯ್ತಮ್ಮ, ಹಾಗೇ ಕಿಟಕಿ ಹತ್ರ ಒಂದು ಜೇಡ ಕಟ್ಟಿದೆ ನೋಡು” ಎಂದರು. ಆಯಾ ಜೇಡನ ಬಲೆ ತೆಗೆದು ಬಂದಳು. ಒಂದು ಚುಕ್ಕಿ.

ಪಟ್ಟಿ ಗೋಡೆಗೆ ಬಿತ್ತು. ಹೊಲಿಗೆಯ ಕೆಳಗೆ ಹದಿಮೂರನೆಯ ಹೆಸರು ಆಯಾಳ ಮಗಳದು. ಆ ಹುಡುಗಿ ಅಳಲಿಲ್ಲ. ಸಂಗೀತದ ಕಿಟಕಿಯ ಕೆಳಗೆ ಕೂರುವುದನ್ನು ಬಿಟ್ಟು ಗೇಟಿನ ಹತ್ತಿರ ಹೋಗಿ ಕೂರತೊಡಗಿದಳು, ಅಷ್ಟೇ. ಅದು ಅತ್ತದ್ದಕ್ಕಿಂತ ಕಡೆಯಾಗಿತ್ತು. ಮೂರನೆಯ ದಿನ ಸಂಜೆ ಆಯಾ ನನ್ನ ಕೋಣೆ ಗುಡಿಸುತ್ತ ನಿಂತುಬಿಟ್ಟಳು.

“ಟೀಚರ್, ನಿಜ ಹೇಳಿ. ಅವಳಿಗೆ ಹೊಲಿಗೆ ಬರುತ್ತಾ?”

“ಬರಲ್ಲಮ್ಮ.”

“ಕಲಿಸಿದ್ರೂ?”

“ನಾನು ಸತ್ತು ಹುಟ್ಟಿ ಬಂದು ಕಲಿಸಿದ್ರೂ ಬರಲ್ಲ.”

ಅವಳ ಮುಖ ನೋಡಿ ನನಗೆ ಕನಿಕರ ಉಕ್ಕಿತು. ಬಾಗಿಲು ಮುಂದೆ ಮಾಡಿ, ಅವಳನ್ನು ಕೂರಿಸಿ, ಎಂಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನೆಲ್ಲ ಹೇಳಿದೆ. ಒಂದು ಚುಕ್ಕಿ, ಎರಡು ಚುಕ್ಕಿ, ಮೂರು ಚುಕ್ಕಿ, ಖಾಲಿ ಇಟ್ಟ ಎರಡು ಜಾಗ, ಎಲ್ಲ. ಹೇಳುತ್ತ ಹೇಳುತ್ತ ನನಗೆ ನಾನೇ ದೊಡ್ಡವಳಾಗಿ ಕಾಣತೊಡಗಿದೆ.

“ನೀನು ಹೋಗಿ ಕೂಗಾಡು. ಅಷ್ಟೇ ಬೇಕಾಗಿರೋದು.”

“ನನಗೆ ಕೂಗಾಡೋಕೆ ಬರಲ್ಲ ಟೀಚರ್.”

“ಬಾಯಿದ್ದವರು ಬರಗಾಲದಲ್ಲೂ ಬದುಕ್ತಾರೆ ಕಣಮ್ಮ. ಬಾಯಿ ಬಿಡು.”

ಮಾರನೆಯ ದಿನ ಅವಳು ಮೆಟ್ಟಿಲ ಕೆಳಗಿನ ಕೋಣೆಗೆ ಹೋದಳು. ನಾನು ಮೆಟ್ಟಿಲ ಮೇಲೆ ನಿಂತು ಚೀಲದಲ್ಲಿ ಏನೋ ಹುಡುಕುತ್ತಿರುವ ಹಾಗೆ ಮಾಡುತ್ತಿದ್ದೆ. ಬಾಗಿಲು ತೆರೆದೇ ಇತ್ತು. ಅವಳು ಪೊರಕೆಯನ್ನು ಗೋಡೆಗೆ ಒರಗಿಸಿ, ಒಳಗೆ ಹೋಗಿ, ಬಂದವರು ಕೂರುವ ಕುರ್ಚಿಯ ಮೇಲೆ ಕೂತಳು. ಶಾಲೆಯಲ್ಲಿ ಅವಳು ಕುರ್ಚಿಯ ಮೇಲೆ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಹಿಂದಿನ ಸಂಜೆ ನಾನು ಕೂರಿಸಿದ್ದು ಸ್ಟೂಲಿನ ಮೇಲೆ.

“ಏನಮ್ಮಾ ಇದು? ಏಳು, ಏಳು. ಯಾರಾದ್ರೂ ನೋಡಿದ್ರೆ ಏನಂದ್ಕೋತಾರೆ?”

“ನೋಡ್ಲಿ ಸಾರ್. ಮಗಳ ವಿಷಯಕ್ಕೆ ಕೂಗಾಡೋಣ ಅಂತ ಬಂದಿದ್ದೀನಿ. ನನಗೆ ಅಭ್ಯಾಸ ಇಲ್ಲ. ಸ್ವಲ್ಪ ತಡೀರಿ, ಶುರು ಮಾಡ್ತೀನಿ.”

ಅವಳು ಗಂಟಲು ಸರಿಮಾಡಿಕೊಂಡಳು. ಅಷ್ಟೇ. ಆ ಸದ್ದಿಗೇ ಮೇಷ್ಟ್ರ ಮುಖ ಸುಣ್ಣದ ಗೋಡೆಯಾಯಿತು.

“ಬೇಡ, ಬೇಡ! ಕೂಗೋದೇನೂ ಬೇಡಮ್ಮ. ಮೊದಲೇ ಹೇಳೋದಲ್ವಾ? ಸಂಗೀತ ತಾನೆ? ಇದೋ, ಬರೆದೆ.” ರಬ್ಬರ್ ತೆಗೆದು ಹೆಸರು ಅಳಿಸಿ, ಬೇರೆ ಪುಟದಲ್ಲಿ ಬರೆದು, ಅದರ ಮುಂದೆ ಮೂರು ಚುಕ್ಕಿ ಇಟ್ಟರು. ಪುಸ್ತಕವನ್ನು ಅವಳ ಕಡೆ ತಿರುಗಿಸಿ ತೋರಿಸಿದರು. “ನೋಡು, ಮೂರು ಚುಕ್ಕಿ. ಬಹಳ ಬುದ್ಧಿವಂತೆ ನಿನ್ನ ಮಗಳು.”

ಆಯಾ ಎದ್ದು, ತಾನು ಕೂತಿದ್ದ ಕುರ್ಚಿಯನ್ನು ಬಟ್ಟೆಯಿಂದ ಒರೆಸಿ, ಪೊರಕೆ ತೆಗೆದುಕೊಂಡು ಬಂದಳು. ಎಲ್ಲ ಸೇರಿ ಎರಡು ನಿಮಿಷವೂ ಆಗಿರಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಆ ಪುಸ್ತಕದಲ್ಲಿ ಎಷ್ಟು ಒಂದು ಚುಕ್ಕಿಗಳಿರಬಹುದು? ಅಷ್ಟೂ ಮಕ್ಕಳ ಆಸೆ ಮತ್ತು ಅವರ ನಡುವೆ ಇದ್ದದ್ದು ಈ ಮನುಷ್ಯನ ನಡುಕ ಮಾತ್ರ. ಅದನ್ನು ನೆನೆಸಿಕೊಂಡರೆ ಈಗಲೂ ಉಗಿಯಬೇಕೆನಿಸುತ್ತದೆ.

ಆ ಸಂಜೆ ಆಯಾ ನನ್ನ ಕೋಣೆಗೆ ಗುಡಿಸಲು ಬಂದಾಗ ನಾನು ಅವಳಿಗಾಗಿಯೇ ಕಾದಿದ್ದೆ. ಸುಳ್ಳು ಯಾಕೆ, ಒಂದೆರಡು ಒಳ್ಳೆಯ ಮಾತು ಕೇಳುವ ಆಸೆಯಿತ್ತು. ಹುಡುಗಿ ಆಗಲೇ ಕಿಟಕಿಯ ಕೆಳಗೆ ವಾಪಸಾಗಿದ್ದಳು. ಅಲ್ಲಿಂದ ಅವಳು ಏನೋ ಗುನುಗುವುದು ಕೇಳುತ್ತಿತ್ತು.

“ನಿಮ್ಮಿಂದ ಒಳ್ಳೇದಾಯ್ತು ಟೀಚರ್” ಎಂದಳು ಆಯಾ. ಒಂದು ಮೂಲೆ ಗುಡಿಸಿದಳು. “ಈ ಚುಕ್ಕಿ ವಿಷಯ ನಿಮಗೆ ಯಾವಾಗಿಂದ ಗೊತ್ತು?”

“ಎಂಟು ವರ್ಷ ಆಯ್ತಮ್ಮ” ಎಂದೆ. ಎಷ್ಟು ಕಾಲದಿಂದ ಸಹಿಸಿದ್ದೇನೆ ನೋಡು ಎನ್ನುವ ಧಾಟಿಯಲ್ಲೇ ಎಂದೆ.

ಅವಳು ಪೊರಕೆ ನಿಲ್ಲಿಸಿದಳು. “ನನ್ನ ದೊಡ್ಡ ಮಗಳು ನಿಮ್ಮ ಹತ್ರ ಬಂದಿದ್ದು ಆರು ವರ್ಷದ ಹಿಂದೆ.”

“ಹೂಂ. ಒಳ್ಳೆ ಕೈ ಅವಳದು. ಈಗೆಲ್ಲಿದ್ದಾಳೆ?”

“ಗಾರ್ಮೆಂಟ್ ಫ್ಯಾಕ್ಟರೀಲಿ. ಕಾಲರ್ ಹೊಲೀತಾಳೆ, ದಿನಾ ಕಾಲರ್ರೇ. ಅವಳೂ ಮೂರು ಗೆರೇಲೂ ಸಂಗೀತ ಅಂತಾನೇ ಬರೆದಿದ್ಲು ಟೀಚರ್. ತಂಗಿಗೆ ಹಾಡು ಹೇಳಿಕೊಟ್ಟಿದ್ದೇ ಅವಳು.”

ಅವಳು ಹಾಡುತ್ತಿದ್ದದ್ದು ನನಗೆ ನೆನಪಿರಲಿಲ್ಲ. ನೆನಪಿರಲಿಲ್ಲ ಎಂದು ಹೇಳಿದರೆ ಅದೂ ಸುಳ್ಳೇ. ಚೆನ್ನಾಗಿ ನೆನಪಿತ್ತು. ಮೊದಲ ತಿಂಗಳು ಆ ಹುಡುಗಿ ಮಿಷಿನ್ ತುಳಿಯುತ್ತ ಆ ತಾಳಕ್ಕೆ ಸರಿಯಾಗಿ ಹಾಡುತ್ತಿದ್ದಳು. ಗಲಾಟೆ ಮಾಡಬೇಡ ಎಂದು ನಿಲ್ಲಿಸಿದವಳು ನಾನೇ. ಆ ವರ್ಷ ನನ್ನ ಹತ್ತಿರ ಸರಿಯಾಗಿ ಹನ್ನೆರಡು ಮಕ್ಕಳಿದ್ದರು.

ಆಯಾ ಮತ್ತೇನೂ ಕೇಳಲಿಲ್ಲ. ಕೇಳಿದ್ದರೆ ನಾನು ಏನಾದರೂ ಹೇಳುತ್ತಿದ್ದೆ, ಅತ್ತೆಯ ಮಂಡಿಯ ಕಥೆಯನ್ನಾದರೂ. ಅವಳು ಕೋಣೆಯನ್ನು ಒಂದು ಸಲ ಉದ್ದಕ್ಕೂ ನೋಡಿದಳು. ದಿನಾ ಸಂಜೆ ಸ್ಟೂಲುಗಳನ್ನು ಎತ್ತಿ ಮಿಷಿನ್ನುಗಳ ಮೇಲೆ ಬೋರಲಿಟ್ಟು ನೆಲ ಒರೆಸುವವಳು ಅವಳೇ. ಹನ್ನೆರಡನ್ನು ಹನ್ನೆರಡರ ಮೇಲೆ ಇಟ್ಟಳು. ಇನ್ನೊಂದು ಉಳಿಯಿತು. ಹಿಂದಿನ ಸಂಜೆ ನಾನು ಅವಳನ್ನು ಅದರ ಮೇಲೆ ಕೂರಿಸಿಯೇ ಎಲ್ಲ ಹೇಳಿದ್ದು.

“ಹದಿಮೂರನೇದು ಇದು ಹೆಚ್ಚಾಗಿತ್ತಲ್ವಾ ಟೀಚರ್ ನಿಮಗೆ” ಎಂದಳು. ಧ್ವನಿ ಏರಿಸಲಿಲ್ಲ. “ಸಂಗೀತದ ಕೋಣೇಲಿ ಒಂದು ಕಡಿಮೆ ಇದೆ. ಅಲ್ಲಿ ಇಟ್ಟು ಬರ್ತೀನಿ.”

ಸ್ಟೂಲನ್ನು ಸೊಂಟಕ್ಕೆ ಇಟ್ಟುಕೊಂಡು ಹೋದಳು. ಬಾಗಿಲು ತೆಗೆಯಲು ಅವಳಿಗೆ ಕೈ ಖಾಲಿಯಿರಲಿಲ್ಲ, ಆದರೂ ನಾನು ಕೂತಲ್ಲಿಂದ ಏಳಲಿಲ್ಲ.